ಕೆಂಚರಾಯ ಕೊಟ್ಟ ಸೀರೆ

ಕರಿಗಲ್ಲುದುರ್ಗ ಅಂತ ಒಂದು ರಾಜ್ಯ. ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ನನಗೆ ಕಥೆ ಹೇಳಿದ ಅಜ್ಜಿಗೇ ಗೊತ್ತಿರಲಿಲ್ಲ. ಕೇಳಿದರೆ, "ಕಥೆ ಬೇಕೋ, ದಾರಿ ಬೇಕೋ?" ಅಂತ ತಲೆಗೆ ಮೊಟಕುತ್ತಿದ್ದಳು. ನೀವೂ ಸುಮ್ಮನೆ ಕೂತು ಕೇಳಿ.

ಮೂರು ಸುತ್ತಿನ ಕೋಟೆ ಅದು. ಕೋಟೆಗೆ ಒಬ್ಬ ನಾಯಕ ಇದ್ದ, ಜ್ವರ ಬಂದು ಸತ್ತ. ಅವನ ಹೆಂಡತಿ ಹೊಂಬಾಳವ್ವ ನಾಗತಿ. ನಾಯಕನ ಹೆಂಡತಿಯನ್ನು ಆ ಸೀಮೆಯಲ್ಲಿ ನಾಗತಿ ಅನ್ನುತ್ತಿದ್ದರು. ವಯಸ್ಸು ಇಪ್ಪತ್ತೆಂಟು. ಮದುವೆಗೆ ಮುಂಚೆ ಜೀನಿಲ್ಲದ ಕುದುರೆ ಹತ್ತಿ ಗುಡ್ಡ ಇಳಿಯುತ್ತಿದ್ದ ಹೆಣ್ಣು. ಗಂಡ ಹೋದ ಮೇಲೆ ಕುದುರೆ ಬೇಡ ಅಂದರು, ಬಿಟ್ಟಳು. ಅಂಗಳ ದಾಟಬೇಡ ಅಂದರು, ದಾಟಲಿಲ್ಲ. ನಗಬೇಡ ಅಂದರು, ಅದನ್ನೂ ಬಿಟ್ಟಳು. ಎರಡು ವರ್ಷ ಕಿಟಕಿಯಲ್ಲಿ ಕೂತು ಕುದುರೆ ಲಾಯ ನೋಡುತ್ತಾ ಕಾಲ ಕಳೆದಳು, ಪಾಪ.

ಆದರೆ ಒಂದು ಇತ್ತು. ಪಟ್ಟದ ಕತ್ತಿ ಇದ್ದದ್ದು ಅವಳ ದೇವರ ಕೋಣೆಯಲ್ಲಿ. ನಾಯಕ ಸತ್ತರೆ ಕತ್ತಿ ನಾಗತಿಯದು. ಅವಳು ಮತ್ತೆ ಯಾರನ್ನಾದರೂ ಉಡಿಕೆ ಆದರೆ ಕತ್ತಿ ಅವನದು, ಕೋಟೆಯೂ ಅವನದು. ಉಡಿಕೆ ಗೊತ್ತಲ್ಲ? ಗಂಡ ಸತ್ತವಳಿಗೆ ಗಂಡಸು ಒಂದು ಸೀರೆ ಕೊಡುತ್ತಾನೆ. ಕಟ್ಟೆಮನೆ, ಅಂದರೆ ಕುಲದ ಪಂಚಾಯಿತಿ, ಅದರ ಹಿರಿಯರ ಮುಂದೆ ಅವಳು ಒಪ್ಪಿ ಉಟ್ಟರೆ ಮದುವೆ ಆಯಿತು. ಮತ್ತೆ ಬಿಡಿಸುವ ಹಾಗಿಲ್ಲ.

ಆ ಕತ್ತಿ ಮೇಲೆ ಕಣ್ಣಿಟ್ಟವನು ದಳವಾಯಿ ಸರ್ಜಪ್ಪ. ಸೈನ್ಯ ಅವನದು, ದರ್ಬಾರು ಅವನದು, ಗಂಟಲಂತೂ ಒಡೆದ ತಮಟೆಯದು. ಅವನು ಕೆಮ್ಮಿದರೆ ಮೂರನೇ ಬೀದಿಯ ಕೂಸು ಎದ್ದು ಅಳುತ್ತಿತ್ತು! ಜನರ ಜೋಳ ಕಣಜಕ್ಕೆ ತುಂಬಿಸಿ ಬೀಗ ಹಾಕಿದ. ಉಳುವ ಎತ್ತು ಹೊಡೆದುಕೊಂಡು ಬಂದು ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ. ಯಾರಾದರೂ ಯಾಕೆ ಸ್ವಾಮಿ ಅಂದರೆ ಬೆನ್ನಿಗೆ ಬಾರುಕೋಲು. ಮೂರು ಸಲ ನಾಗತಿಗೆ ಸೀರೆ ಕಳಿಸಿದ. ಮೊದಲು ಕೆಂಪು, ಆಮೇಲೆ ಹಸಿರು, ಆಮೇಲೆ ಜರಿ. ಮೂರು ಸಲವೂ ಅವಳು ಮಡಿಕೆ ಬಿಚ್ಚದೆ ವಾಪಸು ಕಳಿಸಿದಳು.

ಹಾಗಿರುವಾಗ ಒಂದು ದಿನ, ಹೊತ್ತು ಮಾರುದ್ದ ಏರಿದೆ, ಜೋಳದ ಗಾಡಿಗಳು ಕಣಜಕ್ಕೆ ಹೋಗುತ್ತಿವೆ. ಇದ್ದಕ್ಕಿದ್ದಂತೆ ಬಂಡೆ ಮೇಲಿಂದ ಒಬ್ಬ ಧೊಪ್ಪನೆ ಗಾಡಿಗೆ ಹಾರಿದ. ಮುಖ ನೋಡಿದರೆ ಕೆಂಚರಾಯ!

ಕೆಂಚರಾಯ ಅಂದರೆ ಕೋಟೆ ಮಾರವ್ವನ ಬಂಟ. ಕೆಂಪು ಬಳಿದ ಮರದ ಮುಖ, ಗುಡ್ಡೆ ಕಣ್ಣು, ಹುರಿ ಮೀಸೆ. ಹಬ್ಬದಲ್ಲಿ ಅಂಥ ಮುಖ ಕಟ್ಟಿಕೊಂಡು ಕುಣಿಯುತ್ತಿದ್ದರು. ಕಟ್ಟಿಕೊಂಡವನು ಬಿಚ್ಚುವವರೆಗೂ ಮನುಷ್ಯ ಅಲ್ಲ, ದೇವರೇ. ಅವನ ಮುಂದೆ ಸೆರಗೊಡ್ಡಿ ಯಾರು ಬೇಕಾದರೂ ಮೂರು ಬೇಡಬಹುದು. ಅವನು ಒಲ್ಲೆ ಅನ್ನಬಾರದು. ಅಂದರೆ ನಿಂತ ಜಾಗದಲ್ಲೇ ಮುಖ ಬಿಚ್ಚಿಡಬೇಕು. ಜನ ಏನು ಮಹಾ ಬೇಡುತ್ತಾರೆ? ಮಳೆ ಬರಲಿ, ಮಗು ಆಗಲಿ, ಎಮ್ಮೆ ಗಬ್ಬ ನಿಲ್ಲಲಿ. ದೇವರು ಹೂಂ ಅನ್ನುತ್ತಿತ್ತು, ಜನ ಮನೆಗೆ ಹೋಗುತ್ತಿದ್ದರು.

ಈ ಕೆಂಚರಾಯ ಮಾತ್ರ ಬೇರೆ ಥರ. ಗಾಡಿ ತಿರುಗಿಸಿ ನೇರ ಬಡವರ ಕೇರಿಗೆ ಹೊಡೆದ. ಸವಾರರು ಕುದುರೆ ಏರಿ ಅಟ್ಟಿಸಿಕೊಂಡು ಹೋದರು. ಎರಡು ಹರದಾರಿ ಹೋಗಿಲ್ಲ, ಕುದುರೆಗಳು ಕುಂಟುತ್ತಾ ನಿಂತವು. ಕೆಂಚರಾಯ ಮಂಗಮಾಯ! ಕಿಟಕಿಯಲ್ಲಿ ಹೊಂಬಾಳವ್ವ ಎದ್ದು ನಿಂತಳು. ಎರಡು ವರ್ಷದ ಮೇಲೆ ನಕ್ಕಳು. ದಾಸಿ ಕಾಟವ್ವ ಗಾಬರಿಯಾಗಿ, "ನಾಗತಿಯವ್ವ, ಹುಷಾರಾಗಿದ್ದೀರಾ?" ಅಂತ ಹಣೆ ಮುಟ್ಟಿ ನೋಡಿದಳು.

ಎರಡನೇ ಸಲ ಬಂದಾಗ ಕೊಟ್ಟಿಗೆಯಿಂದ ಹತ್ತು ಜೋಡಿ ಎತ್ತು ಬಿಚ್ಚಿ ಓಡಿಸಿದ. ಹೋಗುವಾಗ ನಾಗತಿಯ ಕಿಟಕಿ ನೋಡಿ ಒಂದು ಗಳಿಗೆ ನಿಂತ. ಸವಾರರು ಬೆನ್ನು ಹತ್ತಿದರು. ಕುದುರೆ ಮತ್ತೆ ಕುಂಟಿದವು.

ಮೂರನೇ ಸಲ ಅವನು ಬಂದಾಗ ಹೊಂಬಾಳವ್ವ ಗಂಡನ ಸಮಾಧಿಗೆ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಳು, ಅದೊಂದಕ್ಕೆ ಮಾತ್ರ ಅವಳನ್ನು ಹೊರಗೆ ಬಿಡುತ್ತಿದ್ದರು. ಕಣಿವೆ ದಾರಿಯಲ್ಲಿ ಪಲ್ಲಕ್ಕಿ ನಿಂತಿತು. ಪರದೆ ಸರಿಯಿತು. ಎದುರಿಗೆ ಗುಡ್ಡೆ ಕಣ್ಣಿನ ಕೆಂಪು ಮುಖ! ಕಾಟವ್ವ ಕಿಟಾರನೆ ಕಿರುಚಿದಳು. ಹೊಂಬಾಳವ್ವ ಕಿರುಚಲಿಲ್ಲ.

"ನಾಗತಿ," ಅಂದ ಅವನು. ದೇವರಲ್ಲವೇ, ಏಕವಚನದಲ್ಲೇ ಮಾತು. "ನನ್ನ ಕೈಲಿ ಬರೀ ಕೋಲು. ನಿನ್ನ ಮನೇಲಿ ಕತ್ತಿ. ನಾನು ಒಂದೊಂದೇ ಗಾಡಿ ತಿರುಗಿಸ್ತಾ ಎಷ್ಟು ದಿನ ಬದುಕಲಿ? ನೀನು ಆ ಕತ್ತಿಗೆ ಅರಿಸಿನ ಕುಂಕುಮ ಹಚ್ಚಿ ಕೂತಿದ್ದೀಯಲ್ಲ, ಇದಕ್ಕೇನಾ ನಾಯಕರು ಬಿಟ್ಟು ಹೋಗಿದ್ದು?"

ಯಾರೂ ಅವಳ ಜೊತೆ ಹಾಗೆ ಮಾತಾಡಿರಲಿಲ್ಲ. ಎರಡು ವರ್ಷದಿಂದ ಎಲ್ಲರೂ ಅಯ್ಯೋ ಪಾಪ ಅಂದವರೇ. ಇವನೊಬ್ಬ ಬೈದ. ಅವಳಿಗೆ ಸಿಟ್ಟು ಬಂತು, ಅಳು ಬಂತು, ಅದರ ಹಿಂದೆಯೇ ಸಂತೋಷವೂ ಬಂತು. "ಯಾರೋ ನೀನು?" ಅಂತ ಕೇಳುವಷ್ಟರಲ್ಲಿ ಅವನು ಬಂಡೆ ಹತ್ತಿ ಹೋಗಿದ್ದ. ಪರದೆ ಹಿಡಿದಿದ್ದ ಅವನ ಕೈ ಮಾತ್ರ ಅವಳ ಕಣ್ಣಲ್ಲಿ ಉಳಿಯಿತು. ಗಿಣ್ಣು ದಪ್ಪ, ಕೈಯೆಲ್ಲಾ ಕಿಡಿ ಸುಟ್ಟ ಚುಕ್ಕೆ.

ಮನೆಗೆ ಬಂದವಳೇ ಅಂಗಳ ದಾಟಿದಳು. ಬೇಡ ಬೇಡ ಅಂದವರನ್ನು ತಿರುಗಿ ನೋಡದೆ ನೇರ ಲಾಯಕ್ಕೆ ಹೋದಳು. ಕುಂಟಿದ ಕುದುರೆಗಳ ಕಾಲೆತ್ತಿ ನೋಡಿದಳು. ಕುದುರೆ ಜೊತೆ ಬೆಳೆದವಳ ಕಣ್ಣು, ಸುಮ್ಮನೆ ಬಿಡುತ್ತದಾ? ಲಾಳಕ್ಕೆ ಆರು ತೂತು, ಮೊಳೆ ಹೊಡೆದಿದ್ದು ಮೂರೇ. ಒಂದು ಕುದುರೆಗಲ್ಲ, ಎರಡಕ್ಕಲ್ಲ, ಸವಾರರ ಅಷ್ಟೂ ಕುದುರೆಗೆ! ನಿಧಾನ ಹೋದರೆ ಲಾಳ ನಿಲ್ಲುತ್ತೆ, ಓಡಿಸಿದರೆ ಕಳಚಿ ಬೀಳುತ್ತೆ.

ಲಾಳ ಹೊಡೆಯುವವನು ಗಾದ್ರಪ್ಪ. ಮೂವತ್ತು ದಾಟಿದ ಆಳು, ತಲೆ ಎತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಕುಲುಮೆ ಮುಂದೆ ಕೂತು ಸುತ್ತಿಗೆ ಬಡಿಯುತ್ತಿದ್ದ. ಅವಳು ಅವನ ಕೈ ನೋಡಿದಳು. ಕಿಡಿ ಸುಟ್ಟ ಚುಕ್ಕೆ!

"ಗಾದ್ರಪ್ಪ, ಲಾಳಕ್ಕೆ ಎಷ್ಟು ಮೊಳೆ?"

ಅವನು ತಲೆ ಎತ್ತದೆ ಅಂದ, "ಆರು, ನಾಗತಿಯವ್ವ."

"ಮತ್ತೆ ಮೂರೇ ಹೊಡೆದಿದ್ದೀಯಲ್ಲ?"

"ಮೊಳೆ ಸಾಲದೆ ಬಂತು."

"ಮೊಳೆ ಸಾಲದೆ ಬಂತೋ, ಧೈರ್ಯ ಹೆಚ್ಚಾಗಿ ಬಂತೋ?"

ಸುತ್ತಿಗೆ ನಿಂತಿತು. ಗಾದ್ರಪ್ಪ ತಲೆ ಎತ್ತಿದ. ಮುಖವಾಡದ ಒಳಗಿದ್ದ ಕಣ್ಣು ಅದೇ. "ಸವಾರರನ್ನ ಕರೀತೀರಾ?" ಅಂದ ಮೆಲ್ಲಗೆ.

"ಕರೆಯೋಳಾಗಿದ್ದರೆ ಇಲ್ಲಿಗೆ ಬರ್ತಿದ್ದೆನಾ? ಮುಖ ಕಟ್ಟಿಕೊಂಡಾಗ ನೀನು ಅಂತೀಯ, ಬಿಚ್ಚಿದಾಗ ನಾಗತಿಯವ್ವ ಅಂತೀಯ. ನನಗೆ ಮೊದಲನೆಯದೇ ಚೆನ್ನಾಗಿತ್ತು."

ಗಾದ್ರಪ್ಪನ ಮುಖ ಅವನ ಮರದ ಮುಖಕ್ಕಿಂತ ಕೆಂಪಾಯಿತು. ಅವಳು ಓಡಿ ಬಂದು ಬಾಗಿಲು ಹಾಕಿಕೊಂಡಳು. ಎದೆ ಮೇಲೆ ಕೈ ಇಟ್ಟು, "ಅಯ್ಯೋ ಮಾರವ್ವ, ಏನು ಅಂದುಬಿಟ್ಟೆ ನಾನು!" ಅಂತ ತನ್ನಷ್ಟಕ್ಕೆ ನಕ್ಕಳು.

ಇತ್ತ ಸರ್ಜಪ್ಪ ಉರಿದುಬಿದ್ದ. ಊರೆಲ್ಲಾ ಡಂಗುರ ಹೊಡೆಸಿದ. "ಕೆಂಪು ಮುಖ ಕಟ್ಟಿಕೊಂಡು ಗಾಡಿ ಹೊಡೆದವನು ಯಾರೇ ಆಗಲಿ, ಯಾವ ಕುಲವೇ ಆಗಲಿ, ಸಿಕ್ಕ ದಿನವೇ ನೇಣು!" ಮಾರವ್ವನ ಗುಡಿ ಎದುರಿನ ದೊಡ್ಡ ಬಾಗಿಲಿಗೆ ಹಗ್ಗವನ್ನೂ ನೇತುಹಾಕಿಸಿದ. ಆಮೇಲೆ ಕಟ್ಟೆಮನೆಯ ಹಿರಿಯರನ್ನೆಲ್ಲಾ ಸೇರಿಸಿ ನಾಗತಿಯನ್ನು ಕರೆಸಿದ.

ಹಿರಿಯ ಬೊಮ್ಮಯ್ಯಜ್ಜ ಕೇಳಿದ, "ಮಗಳೇ, ಕೋಟೆಗೆ ಗಂಡು ದಿಕ್ಕು ಬೇಕು ಅಂತಾರೆ ದಳವಾಯಿಗಳು. ಸೀರೆ ಉಡ್ತೀಯಾ?"

ಅವಳಿಗೆ ಸರ್ಜಪ್ಪನ ಮೀಸೆ ಅಡಿಯ ನಗು ಕಂಡಿತು. ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಬಂದೇ ಬಿಟ್ಟಿತು. "ಉಡ್ತೀನಿ. ಉಟ್ಟರೆ ಕೆಂಚರಾಯ ಕೊಟ್ಟ ಸೀರೆ ಉಡ್ತೀನಿ. ಬೇರೆಯವರದು ಮುಟ್ಟೋದೂ ಇಲ್ಲ!"

ಸಭೆ ಹೋ ಅಂತು. ಹಿರಿಯರು ಗುಸುಗುಸು ಮಾತಾಡಿಕೊಂಡರು. ಬೊಮ್ಮಯ್ಯಜ್ಜ ಅಂದ, "ಆಯಿತು. ಬರೋ ಶುಕ್ರವಾರ ಮಧ್ಯಾಹ್ನ, ಮಾರವ್ವನ ಗುಡಿ ಮುಂದೆ. ಕೆಂಚರಾಯ ಅನ್ನೋನು ಬಂದು ಸೀರೆ ಕೊಟ್ಟರೆ, ಅವನು ಯಾರಾದರೂ ಸರಿ, ಕಟ್ಟೆಮನೆ ಒಪ್ಪುತ್ತೆ. ಬರದಿದ್ದರೆ ದಳವಾಯಿಗಳ ಸೀರೆ ಉಡಬೇಕು."

ಮನೆಗೆ ಬಂದ ಮೇಲೆ ಹೊಂಬಾಳವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಏನು ಮಾಡಿಬಿಟ್ಟೆ! ಬಂದರೆ ಅವನ ಕುತ್ತಿಗೆಗೆ ಹಗ್ಗ. ಬರದೆ ಹೋದರೆ ಸರ್ಜಪ್ಪನ ಸೀರೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲಾ ನೆಟ್ಟಗಿರುತ್ತಿತ್ತು. ಕಾಟವ್ವನನ್ನು ಮೂರು ಸಲ ಲಾಯಕ್ಕೆ ಓಡಿಸಿದಳು. "ಬರಬೇಡ ಅಂತ ಹೇಳು. ಕೈ ಮುಗಿದೆ ಅಂತ ಹೇಳು. ನನ್ನಾಣೆ ಅಂತ ಹೇಳು."

ಮೂರು ಸಲವೂ ಕಾಟವ್ವ ಒಂದೇ ಉತ್ತರ ತಂದಳು. "ಕೇಳಿಸಿಕೊಂಡ. ಸುತ್ತಿಗೆ ಬಡೀತಾ ಇದ್ದ. ಏನೂ ಅನ್ನಲಿಲ್ಲ."

ಶುಕ್ರವಾರ ಬಂತು. ಗುಡಿ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ! ಹಿರಿಯರು ಕಂಬಳಿ ಮೇಲೆ ಕೂತರು. ಸರ್ಜಪ್ಪನ ಆಸನ ಖಾಲಿ. "ದಳವಾಯಿಗಳಿಗೆ ಹೊಟ್ಟೆನೋವು," ಅಂದ ಅವನ ಕಾವಲಿನ ಮುಖ್ಯಸ್ಥ, ಯಾಕೋ ನೆಲ ನೋಡುತ್ತಾ. ಹೊಂಬಾಳವ್ವನ ಕಣ್ಣು ಗುಂಪನ್ನೆಲ್ಲಾ ಹುಡುಕಿತು. ಆಲದ ಮರದ ಹತ್ತಿರ ಗಾದ್ರಪ್ಪ, ಹೆಗಲಿಗೆ ಮೊಳೆ ಸುತ್ತಿಗೆಯ ತೊಗಲು ಚೀಲ. ಅಬ್ಬ, ಇನ್ನೂ ಮುಖ ಕಟ್ಟಿಲ್ಲ!

ಅಷ್ಟರಲ್ಲಿ ತಮಟೆ ಬಡಿಯಿತು. ಗುಡಿಯೊಳಗಿಂದ ಕೆಂಚರಾಯ ಬಂದ! ಕೆಂಪು ಮುಖ, ಹುರಿ ಮೀಸೆ, ಕೈಯಲ್ಲಿ ಜರಿ ಸೀರೆ. ಜನ ಕೇಕೆ ಹಾಕಿದರು, ಮುದುಕಿಯರು ಲಟಿಕೆ ಮುರಿದರು. ಅವನು ಬಂದು ನಾಗತಿಯ ಮುಂದೆ ಸೀರೆ ಚಾಚಿದ. ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟರೆ ಆ ಒಡೆದ ತಮಟೆಯ ಗಂಟಲು ಊರಿಗೇ ಗೊತ್ತಲ್ಲ!

ಅವಳು ಆ ಕೈ ನೋಡಿದಳು. ಬೆಣ್ಣೆ ತಿಂದ ನುಣುಪು ಕೈ. ಬೆರಳಲ್ಲಿ ಈಗಷ್ಟೇ ಉಂಗುರ ಕಳಚಿದ ಬಿಳಿ ಗುರುತು. ಓಹೋ! ಗಾದ್ರಪ್ಪ ಅಲ್ಲಿ ಚೀಲಕ್ಕೆ ಕೈ ಹಾಕುತ್ತಾ ಮುಂದೆ ಹೆಜ್ಜೆ ಇಟ್ಟ. ಅವಳು ಕಣ್ಣಲ್ಲೇ ಗದರಿದಳು, ನಿಲ್ಲು ಅಂತ. ಅವನು ನಿಂತ.

ಹೊಂಬಾಳವ್ವ ಸೆರಗು ಒಡ್ಡಿದಳು. "ಕೆಂಚರಾಯ, ಉಡೋದಕ್ಕೆ ಮುಂಚೆ ಮೂರು ಬೇಡ್ತೀನಿ. ನಡೆಸಿಕೊಡ್ತೀಯಾ?"

ಹಿರಿಯರು ಹೌದು ಹೌದು ಅಂದರು, ಬೇಡುವುದು ಪದ್ಧತಿ. ಕೆಂಪು ಮುಖ ಮೇಲೆ ಕೆಳಗೆ ಆಡಿತು. ಮಗು ಆಗಲಿ ಅಂತ ಬೇಡುತ್ತಾಳೆ ಅಂದುಕೊಂಡನೋ ಏನೋ.

"ಮೊದಲನೆಯದು. ದಳವಾಯಿಗಳ ಕಣಜದ ಬೀಗ ತೆಗೆಸು. ಜೋಳ ಬೆಳೆದವರ ಮನೆಗೆ ಹೋಗಲಿ."

ಮುಖ ಅಲ್ಲಾಡದೆ ನಿಂತಿತು. ಒಲ್ಲೆ ಅಂದರೆ ಮುಖ ಬಿಚ್ಚಬೇಕು. ಮುಖ ಆಡಿತು, ಮೇಲೆ ಕೆಳಗೆ! ಕಾವಲಿನವನಿಗೆ ಒಳಗಿರುವುದು ಯಾರು ಅಂತ ಗೊತ್ತು. ಧಣಿಯೇ ಒಪ್ಪಿದ ಮೇಲೆ ತನಗೇನು ಅಂತ ಬೀಗದ ಕೈ ಹಿಡಿದು ಓಡಿದ.

"ಎರಡನೆಯದು. ಕೊಟ್ಟಿಗೆಯಲ್ಲಿರೋ ಎತ್ತು ಬಿಡಿಸು. ಯಾರ ಎತ್ತೋ ಅವರ ಕೈಗೆ ಹಗ್ಗ ಸೇರಲಿ."

ಮುಖವಾಡದ ಅಡಿಯಿಂದ ಬೆವರು ತೊಟ್ಟಿಕ್ಕಿತು. ಮುಖ ಆಡಿತು. ಜನರ ಕೇಕೆಗೆ ಕೋಟೆ ಮೇಲಿನ ಪಾರಿವಾಳವೆಲ್ಲಾ ಹಾರಿದವು.

"ಮೂರನೆಯದು. ಕೆಂಚರಾಯನ ಮುಖ ಕಟ್ಟಿಕೊಂಡು ಹೆಣ್ಣಿಗೆ ಮೋಸ ಮಾಡೋಕೆ ಬಂದವನು ಯಾರೇ ಆಗಲಿ, ಅವನನ್ನ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಸೀಮೆ ದಾಟಿಸಬೇಕು."

ಈ ಸಲ ಮುಖ ಬಹಳ ಹೊತ್ತು ಸುಮ್ಮನಿತ್ತು. ಒಳಗಿನ ಯೋಚನೆ ಅವಳಿಗೆ ನಿಂತಲ್ಲೇ ಗೊತ್ತಾಗುತ್ತಿತ್ತು. ಇದೊಂದಕ್ಕೆ ತಲೆ ಆಡಿಸಿದರೆ ಸೀರೆ ಉಡ್ತಾಳೆ. ಉಟ್ಟ ಮೇಲೆ ಕಣಜವೂ ನನ್ನದೇ, ಎತ್ತೂ ನನ್ನದೇ, ಕತ್ತೆಯೂ ನನ್ನದೇ. ಆಸೆ ದೊಡ್ಡದು ನೋಡಿ. ಮುಖ ಆಡಿತು!

"ಹಿರಿಯರೇ, ನೋಡಿದಿರಾ?"

"ನೋಡಿದೆವು," ಅಂದ ಬೊಮ್ಮಯ್ಯಜ್ಜ.

"ಹಾಗಾದರೆ ಕಟ್ಟಿಕೊಳ್ಳೋ ಗಂಡನ ಮುಖ ಒಂದು ಸಲ ನೋಡಿಬಿಡ್ತೀನಿ," ಅಂದವಳೇ ಕೈ ಚಾಚಿ ದಾರ ಎಳೆದಳು. ಮರದ ಮುಖ ದಡಲ್ ಅಂತ ನೆಲಕ್ಕೆ ಬಿತ್ತು. ಸರ್ಜಪ್ಪ! ಬೆವರಿ ಬೆಂದು ಬದನೆಕಾಯಿ ಆಗಿದ್ದ ದಳವಾಯಿ ಸರ್ಜಪ್ಪ!

ಸರ್ಜಪ್ಪ ಭಂಡ, ಎದೆ ಸೆಟೆಸಿದ. "ಹೌದು, ನಾನೇ ಕೆಂಚರಾಯ! ಇಷ್ಟು ದಿನ ಬಂದವನೂ ನಾನೇ. ನಾಗತಿ ಮಾತು ಕೊಟ್ಟಿದ್ದಾಳೆ, ಸೀರೆ ಉಡಲಿ!"

"ನೀವೇನಾ? ಗಾಡಿ ಹೊಡೆದದ್ದೂ ನೀವೇನಾ?" ಅಂದಳು ಹೊಂಬಾಳವ್ವ.

"ನಾನೇ!"

"ಹಾಗಾದರೆ ನಿಮ್ಮದೇ ಡಂಗುರ ಇದೆಯಲ್ಲ. ಯಾರೇ ಆಗಲಿ, ಯಾವ ಕುಲವೇ ಆಗಲಿ, ಸಿಕ್ಕ ದಿನವೇ ನೇಣು. ಹಗ್ಗವೂ ಬಾಗಿಲಲ್ಲೇ ಇದೆ."

ಸರ್ಜಪ್ಪ ಎರಡೂ ಕೈ ಆಡಿಸಿದ. "ಅಲ್ಲ, ಅಲ್ಲ! ನಾನಲ್ಲ! ಸುಮ್ಮನೆ ಕಟ್ಟಿಕೊಂಡೆ!"

"ಅಲ್ಲವಾ? ಹಾಗಾದರೆ ಮೋಸಕ್ಕೆ ಕಟ್ಟಿಕೊಂಡಿರಿ. ಅದಕ್ಕೆ ಕತ್ತೆ, ಈಗ ತಾನೇ ತಲೆ ಆಡಿಸಿದಿರಿ. ನೀವೇ ಹೇಳಿ ದಳವಾಯಿಗಳೇ. ಹೌದು ಅಂದರೆ ಹಗ್ಗ, ಅಲ್ಲ ಅಂದರೆ ಕತ್ತೆ. ಯಾವುದು?"

ಅವನು ಹಗ್ಗ ನೋಡಿದ, ಜನರನ್ನು ನೋಡಿದ, ತನ್ನ ಕಾವಲಿನವರನ್ನು ನೋಡಿದ. ಅವರೂ ಜೋಳ ಬೆಳೆದ ಮನೆಯ ಮಕ್ಕಳೇ, ಅವರ ಎತ್ತೂ ಆ ಕೊಟ್ಟಿಗೆಯಲ್ಲೇ ಇದ್ದವು. ಒಬ್ಬನೂ ಅಲುಗಲಿಲ್ಲ. ಸರ್ಜಪ್ಪ ಇಲಿಮರಿಯ ದನಿಯಲ್ಲಿ ಅಂದ, "ಕತ್ತೆ."

ಅಗಸರು ಖುಷಿಯಿಂದ ಕತ್ತೆ ತಂದರು. ಬಾಲ ಹಿಡಿದು ಕೂತ ದಳವಾಯಿಯನ್ನು ಮೂರು ಬಾಗಿಲು ದಾಟಿಸಿ, ಮೂರು ಹಳ್ಳ ದಾಟಿಸಿ, ಸೀಮೆಯಾಚೆ ಬಿಟ್ಟು ಬಂದರು. ಕತ್ತೆ ವಾಪಸು ಬಂತು. ಅವನು ಬರಲಿಲ್ಲ.

ಇತ್ತ ಬೊಮ್ಮಯ್ಯಜ್ಜ ಗಡ್ಡ ನೀವಿಕೊಂಡು ಕೇಳಿದ, "ಅದೆಲ್ಲಾ ಸರಿ ಮಗಳೇ. ನಿಜವಾದ ಕೆಂಚರಾಯ ಎಲ್ಲಿ?"

ಹೊಂಬಾಳವ್ವ ಬಾಯಿ ಬಿಡಲಿಲ್ಲ. ಹೇಳಬೇಕಾದವನೇ ಹೇಳಲಿ ಅಂತ ಕಾದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ. ಗಾದ್ರಪ್ಪ ಬಂದು ತೊಗಲು ಚೀಲ ಸುರಿದ. ಮೊಳೆ ಬಿದ್ದವು, ಸುತ್ತಿಗೆ ಬಿತ್ತು, ಕೆಂಪು ಮುಖ ಬಿತ್ತು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಸೀರೆ. ನೇಕಾರರ ಕೇರಿಯ ದಪ್ಪ ನೂಲಿನ ನೀಲಿ ಚೌಕುಳಿ ಸೀರೆ, ಮಸಿ ಹತ್ತಬಾರದು ಅಂತ ಮೂರು ಸುತ್ತು ಎಲೆಯಲ್ಲಿ ಸುತ್ತಿದ್ದ.

"ಬರಬೇಡ ಅಂದಿದ್ದೆನಲ್ಲ," ಅಂದಳು ಅವಳು. "ಇವತ್ತು ಬಂದರೆ ಹಗ್ಗ ಅಂತ ಗೊತ್ತಿತ್ತು ತಾನೇ? ಸಾಯೋಕೆ ಬಂದವನು ಸೀರೆ ಯಾಕೆ ತಂದೆ?"

"ಉಡ್ತೀರೇನೋ ಅಂತ," ಅಂದ ಗಾದ್ರಪ್ಪ.

"ಉಡ್ತೀಯೇನೋ ಅಂತ ಅನ್ನು."

ಊರೆಲ್ಲಾ ನೋಡುತ್ತಿದೆ. ಮುಖಕ್ಕೆ ಮುಖವಾಡ ಇಲ್ಲ. ಅವನು ತಲೆ ಎತ್ತಿ ಅಂದೇ ಬಿಟ್ಟ, "ಉಡ್ತೀಯಾ, ಹೊಂಬಾಳಿ?"

ಹಿರಿಯರ ಸಾಲಿನಲ್ಲಿ ಒಬ್ಬ ಗೊಣಗಿದ, "ಲಾಳದವನಿಗೆ ನಾಗತಿಯಾ?" ಬೊಮ್ಮಯ್ಯಜ್ಜ ಅವನನ್ನು ತಿವಿದ. "ಯಾರಾದರೂ ಸರಿ ಅಂದದ್ದು ನಾವೇ. ದಳವಾಯಿಯನ್ನ ಅವನ ಮಾತಿಗೇ ಕತ್ತೆ ಹತ್ತಿಸಿ, ನಮ್ಮ ಮಾತು ನುಂಗೋಣವಾ? ಸುಮ್ಮನಿರು." ಹೊಂಬಾಳವ್ವ ಗುಡಿಯೊಳಗೆ ಹೋಗಿ ಚೌಕುಳಿ ಸೀರೆ ಉಟ್ಟು ಬಂದಳು. ಜನ ಕುಣಿದರು, ತಮಟೆ ಹರಿಯುವವರೆಗೂ ಬಡಿದರು.

ಪಟ್ಟದ ಕತ್ತಿ ತಂದು ಗಾದ್ರಪ್ಪನ ಮುಂದೆ ಹಿಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನನಗೆ ಸುತ್ತಿಗೆ ಹಿಡಿಯೋಕೆ ಬರುತ್ತೆ. ಕೋಟೆ ಆಳೋಕೆ ಬರೋದು ಅವಳಿಗೆ. ಇವತ್ತು ಎಲ್ಲರೂ ನೋಡಿದಿರಲ್ಲ," ಅಂದ. ಕತ್ತಿ ಹೊಂಬಾಳವ್ವನ ಕೈಗೆ ಬಂತು. ಅರಿಸಿನ ಕುಂಕುಮ ಒರೆಸಿ ಸೊಂಟಕ್ಕೆ ಕಟ್ಟಿಕೊಂಡಳು. ಕುದುರೆ ತರಿಸಿ, ಊರ ಮುಂದೆಯೇ ಹತ್ತಿ, ಜೋಳ ಸರಿಯಾಗಿ ಮನೆ ಸೇರುತ್ತಿದೆಯಾ ಅಂತ ನೋಡಿಕೊಂಡು ಬರಲು ಹೊರಟಳು.

ಇದರಲ್ಲಿ ನೀತಿ ಏನು? ಇನ್ನೊಬ್ಬರ ಹೆಸರು ಕದ್ದು ದೊಡ್ಡವನಾಗಲು ಹೊರಟರೆ, ಆ ಹೆಸರಿನ ಮೇಲಿರುವ ಹೊರೆಯನ್ನೂ ನೀನೇ ಹೊರಬೇಕು. ಹೊರಲಾಗದವನು ಮುಖ ಕಟ್ಟಬಾರದು. ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಕತ್ತಿ ಇದ್ದರೆ ಬರೀ ಪೂಜೆ ಮಾಡುತ್ತಾ ಕೂರಬೇಡಿ. ಅಷ್ಟೇ ಕಥೆ. ಕಾಲು ಜೋಮು ಹಿಡಿದವರು ಏಳಿ, ನಿದ್ದೆ ಹೋದವರನ್ನು ಎಬ್ಬಿಸಿ, ನನಗೊಂದು ಲೋಟ ಮಜ್ಜಿಗೆ ಕೊಡಿ.